ಸ್ಕ್ಯಾನಿಂಗ್‌ನಲ್ಲಿ 8 ವಾರ, ನನ್ನ ಲೆಕ್ಕದಲ್ಲಿ 6 ವಾರ. ಯಾವುದು ಸರಿ?

ಹಾಸನದ ಸೊಸೆ:
ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಬರೆಯುತ್ತಿರುವುದು ಇದೇ ಮೊದಲು. ಸೋಮವಾರ ಮೊದಲ ಸ್ಕ್ಯಾನಿಂಗ್ ಆಯಿತು. ಮಗುವಿನ ಉದ್ದ 17 ಮಿಲಿಮೀಟರ್, ಎದೆಬಡಿತ 168, ವಯಸ್ಸು 8 ವಾರ 1 ದಿನ ಅಂತ ರಿಪೋರ್ಟಿನಲ್ಲಿದೆ. ಎಲ್ಲ ಚೆನ್ನಾಗಿದೆ ಎಂದರು ಡಾಕ್ಟರ್. ಆದರೆ ನಮ್ಮ ಯಜಮಾನರು ಕೆಲಸದ ಮೇಲೆ ಪುಣೆಗೆ ಹೋಗಿ ಒಂದೂವರೆ ತಿಂಗಳು ಅಲ್ಲೇ ಇದ್ದರು. ಅವರು ವಾಪಸ್ ಬಂದ ದಿನದಿಂದ ಎಣಿಸಿದರೆ ಎಷ್ಟು ಎಳೆದರೂ ಆರು ವಾರ ಎರಡು ದಿನಕ್ಕಿಂತ ಜಾಸ್ತಿ ಆಗುವುದಿಲ್ಲ. ಅವರಿಗೆ ಏನೂ ಅನ್ನಿಸಿಲ್ಲ, ಖುಷಿಯಲ್ಲಿದ್ದಾರೆ. ಅತ್ತೆ ಮಾತ್ರ ರಿಪೋರ್ಟನ್ನು ಎರಡು ಸಲ ಓದಿ, ಏನೂ ಹೇಳದೆ ನನ್ನ ಕೈಗೆ ಕೊಟ್ಟರು. ಎರಡು ರಾತ್ರಿಯಿಂದ ನಿದ್ದೆ ಇಲ್ಲ. ಡಾಕ್ಟರ್ ಹತ್ತಿರ ಕೇಳಲು ನಾಚಿಕೆ. ಈ ಎರಡು ವಾರ ಎಲ್ಲಿಂದ ಬಂತು?

ಹೆರಿಗೆ ವಾರ್ಡಿನ ಅಕ್ಕ:
ತಂಗಿ, ಮೊದಲು ನೀನು ನಿದ್ದೆ ಮಾಡು. ಆ ಎರಡು ವಾರ ಎಲ್ಲ ಬಸುರಿಯರ ರಿಪೋರ್ಟಿನಲ್ಲೂ ಇರುತ್ತದೆ. ನನ್ನದರಲ್ಲೂ ಇತ್ತು, ನಿನ್ನ ಅತ್ತೆಯದರಲ್ಲೂ ಇದ್ದೀತು.

ನಾನು ತಾಲ್ಲೂಕು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್, ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ. ಮಗು ನಿಂತ ದಿನ ಯಾವುದು ಅಂತ ಯಾರಿಗೂ ಖಚಿತವಾಗಿ ಗೊತ್ತಿರುವುದಿಲ್ಲ, ಕಡೆಯ ಮುಟ್ಟಿನ ಮೊದಲ ದಿನ ಮಾತ್ರ ಹೆಚ್ಚಿನವರಿಗೆ ನೆನಪಿರುತ್ತದೆ. ಅದಕ್ಕೆ ಲೆಕ್ಕ ಅಲ್ಲಿಂದ ಶುರು. ತಾಯಿ ಕಾರ್ಡಿನಲ್ಲಿ ಎಲ್‌ಎಂಪಿ ಅಂತ ಇರುವುದು ಅದೇ ತಾರೀಖು. ಅಂಡ ಬಿಡುಗಡೆ ಆಗುವುದು ಅದಾಗಿ ಸುಮಾರು ಎರಡು ವಾರಕ್ಕೆ. ಅಂದರೆ ರಿಪೋರ್ಟಿನ ಮೊದಲ ಎರಡು ವಾರ ಹೊಟ್ಟೆಯಲ್ಲಿ ಮಗುವೇ ಇರುವುದಿಲ್ಲ. ರಿಪೋರ್ಟಿನ 8 ವಾರ ಅಂದರೆ ಮಗುವಿಗೆ 6 ವಾರ. ನಿನ್ನ ಲೆಕ್ಕವೂ ಸರಿ, ಡಾಕ್ಟರ್ ಲೆಕ್ಕವೂ ಸರಿ. ಇದನ್ನು ಅತ್ತೆಗೆ ಓದಿ ಹೇಳು.

ಈ ಎರಡು ವಾರದ ಗೊಂದಲದಿಂದ ಗಂಡ ಹೆಂಡತಿ ಮಾತು ಬಿಟ್ಟಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಬಯಾಲಜಿ ಮೇಷ್ಟ್ರು:
ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ಒಂದು ಲೆಕ್ಕ ಸೇರಿಸುತ್ತೇನೆ, ನನಗೆ ತುಂಬಾ ಇಷ್ಟವಾದದ್ದು. ಆಸ್ಪತ್ರೆಯವರ ಪ್ರಕಾರ ಪೂರ್ತಿ ಬಸಿರು 40 ವಾರ, ಅಂದರೆ 280 ದಿನ. ಅದರಲ್ಲಿ ಆ ಮೊದಲ 14 ದಿನ ತೆಗೆದರೆ 266. ಹುಣ್ಣಿಮೆಯಿಂದ ಹುಣ್ಣಿಮೆಗೆ ಇಪ್ಪತ್ತೊಂಬತ್ತೂವರೆ ದಿನ. ಅದನ್ನು ಒಂಬತ್ತರಿಂದ ಗುಣಿಸಿ ನೋಡಿ, 266 ಹತ್ತಿರ ಹತ್ತಿರ ಬರುತ್ತದೆ. ನಮ್ಮ ಅಜ್ಜಿಯರು ನವಮಾಸ ಅನ್ನುತ್ತಿದ್ದದ್ದು ಸುಮ್ನೆ ಅಲ್ಲ. ಇನ್ನು 'ಒಂಬತ್ತು ತಿಂಗಳು ಒಂಬತ್ತು ದಿನ' ಅನ್ನುತ್ತೇವಲ್ಲ, ಫ್ರಾನ್ಸ್ ನೇಗೆಲೆ ಎಂಬ ಜರ್ಮನ್ ವೈದ್ಯರ ಹೆಸರಿನ ಸೂತ್ರ ಇವತ್ತಿಗೂ ಡಾಕ್ಟರುಗಳು ಬಳಸುವಂಥದ್ದು, ಅದು ಮುಟ್ಟಿನ ಮೊದಲ ದಿನಕ್ಕೆ ಒಂಬತ್ತು ತಿಂಗಳು ಏಳು ದಿನ ಸೇರಿಸು ಅನ್ನುತ್ತದೆ. ಎರಡು ದಿನದ ವ್ಯತ್ಯಾಸ ಅಷ್ಟೇ.

ಈಗ ನಿಮ್ಮ 17 ಮಿಲಿಮೀಟರ್ ಬಗ್ಗೆ. ಅದು ಒಂದು ದೊಡ್ಡ ಅವರೆಕಾಳಿನಷ್ಟು. ಹಾಸನದವರಿಗೆ ಅವರೆಕಾಳು ಹೇಳಿಕೊಡಬೇಕಾಗಿಲ್ಲ. ಅದರಲ್ಲಿ ಅರ್ಧದಷ್ಟು ತಲೆಯೇ. ಮೊಣಕೈ ಮಡಚುವ ಜಾಗ ಕಾಣಿಸಿಕೊಂಡಿದೆ. ಬೆರಳುಗಳ ನಡುವೆ ಬಾತುಕೋಳಿ ಕಾಲಿನ ಹಾಗೆ ಪೊರೆ ಇರುತ್ತದೆ, ಆ ಪೊರೆಯ ಜೀವಕೋಶಗಳು ತಾವಾಗಿ ಸತ್ತು ಬೆರಳುಗಳು ಬಿಡಿಬಿಡಿ ಆಗುತ್ತವೆ. ಬೆನ್ನ ಕೊನೆಯಲ್ಲಿ ಒಂದು ಚಿಕ್ಕ ಬಾಲ ಇದ್ದದ್ದು ಈಗ ಕರಗುತ್ತಿದೆ. ಕರುಳು ಹೊಟ್ಟೆಯೊಳಗೆ ಜಾಗ ಸಾಲದೆ ಹೊಕ್ಕುಳಬಳ್ಳಿಯ ಬುಡದಲ್ಲಿ ಹೋಗಿ ಬೆಳೆಯುತ್ತದೆ, 12 ವಾರದ ಹೊತ್ತಿಗೆ ತಾನೇ ಸುತ್ತಿಕೊಂಡು ಒಳಗೆ ವಾಪಸ್ ಬರುತ್ತದೆ. ನಾನು ಇಪ್ಪತ್ತು ವರ್ಷದಿಂದ ಪಾಠ ಮಾಡುತ್ತಿದ್ದೇನೆ, ಈ ಜಾಗಕ್ಕೆ ಬಂದಾಗ ಇವತ್ತಿಗೂ ಒಂದು ನಿಮಿಷ ನಿಂತು ಹೇಳುತ್ತೇನೆ.

ಹಾಸನದ ಸೊಸೆ:
ಅಕ್ಕ, ಮೇಷ್ಟ್ರೇ, ನಿಮಗೆ ಹೇಗೆ ಥ್ಯಾಂಕ್ಸ್ ಹೇಳುವುದೋ ಗೊತ್ತಾಗುತ್ತಿಲ್ಲ. ಓದುತ್ತಾ ಅತ್ತುಬಿಟ್ಟೆ. ಇವತ್ತು ಸಂಜೆ ಅತ್ತೆಗೆ ತೋರಿಸುತ್ತೇನೆ.

ಇಬ್ಬರು ಮಕ್ಕಳ ಅಮ್ಮ, ದಾವಣಗೆರೆ:
ತಂಗಿ, ಫೋಲಿಕ್ ಆಸಿಡ್ ಮಾತ್ರೆ ತಗೊಳ್ಳುತ್ತಿದ್ದೀಯಾ? ನಾನು ಮೊದಲನೆಯವಳಿಗೆ ಮೂರನೇ ತಿಂಗಳಲ್ಲಿ ಶುರು ಮಾಡಿದ್ದೆ. ಮಾತ್ರೆ ತಿಂದರೆ ವಾಂತಿ ಜಾಸ್ತಿ ಆಗುತ್ತದೆ ಅಂತ ಯಾರೋ ಹೇಳಿದ್ದು ಕೇಳಿಕೊಂಡು ಡಬ್ಬಿಯಲ್ಲೇ ಇಟ್ಟಿದ್ದೆ. ಮಗಳಿಗೆ ಏನೂ ಆಗಲಿಲ್ಲ ದೇವರ ದಯೆ. ಆದರೆ ಆಮೇಲೆ ಗೊತ್ತಾದಾಗ ಹೊಟ್ಟೆಯಲ್ಲಿ ಸಂಕಟ ಆಯಿತು.

ಹೆರಿಗೆ ವಾರ್ಡಿನ ಅಕ್ಕ:
ಇದನ್ನು ಎಲ್ಲರೂ ಓದಬೇಕು, ಈಗ ಬಸುರಿ ಇಲ್ಲದವರೂ. ಮಗುವಿನ ಮೆದುಳು, ಬೆನ್ನುಹುರಿ ಶುರುವಿನಲ್ಲಿ ಒಂದು ಚಪ್ಪಟೆ ಹಾಳೆಯ ಹಾಗೆ ಇರುತ್ತದೆ. ಅದು ವೀಳ್ಯದೆಲೆ ಸುತ್ತಿದ ಹಾಗೆ ಸುತ್ತಿಕೊಂಡು ಕೊಳವೆ ಆಗಿ ಎರಡೂ ತುದಿ ಮುಚ್ಚಿಕೊಳ್ಳಬೇಕು. ಮುಚ್ಚುವುದು ಯಾವಾಗ ಗೊತ್ತಾ? ಮಗು ನಿಂತು 28 ದಿನದ ಹೊತ್ತಿಗೆ, ಅಂದರೆ ರಿಪೋರ್ಟಿನ ಲೆಕ್ಕದಲ್ಲಿ 6 ವಾರಕ್ಕೆ. ಮುಟ್ಟು ತಪ್ಪಿ ಎರಡು ವಾರ ಆಗಿರುತ್ತದೆ ಅಷ್ಟೇ. ಎಷ್ಟೋ ಹೆಂಗಸರಿಗೆ ಅಷ್ಟರಲ್ಲಿ ಬಸುರಿ ಅನ್ನುವುದೇ ಗೊತ್ತಿರುವುದಿಲ್ಲ. ಮೇಲಿನ ತುದಿ ಮುಚ್ಚದಿದ್ದರೆ ತಲೆಬುರುಡೆ ಕೂಡುವುದಿಲ್ಲ, ಕೆಳಗಿನದು ಮುಚ್ಚದಿದ್ದರೆ ಬೆನ್ನಿನಲ್ಲಿ ಗಂಟು ಇಟ್ಟುಕೊಂಡು ಮಗು ಹುಟ್ಟುತ್ತದೆ. ಫೋಲಿಕ್ ಆಸಿಡ್ ಈ ತೊಂದರೆಯನ್ನು ಬಹಳಷ್ಟು ತಡೆಯುತ್ತದೆ, ಆದರೆ ಅದು ಆ ದಿನಗಳಿಗೆ ಮೊದಲೇ ರಕ್ತದಲ್ಲಿ ಇರಬೇಕು. ಮಗು ಬೇಕು ಅಂತ ನಿರ್ಧಾರ ಮಾಡಿದ ತಿಂಗಳಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಮಾತ್ರೆ ಶುರು ಮಾಡಿ. ಮೊದಲು ಹೀಗೆ ಮಗು ಹುಟ್ಟಿದ್ದರೆ, ಸಕ್ಕರೆ ಕಾಯಿಲೆ ಅಥವಾ ಫಿಟ್ಸ್ ಮಾತ್ರೆ ಇದ್ದರೆ ಹೆಚ್ಚಿನ ಡೋಸ್ ಬೇಕಾಗಬಹುದು, ಡಾಕ್ಟರನ್ನು ಕೇಳಿ.

ಮೂರು ತಿಂಗಳು ಕಳೆದ ಮೇಲೆ ಕೊಡುವ ಕೆಂಪು ಮಾತ್ರೆ ಬೇರೆ, ಅದು ಕಬ್ಬಿಣಾಂಶದ್ದು. ಅದನ್ನು ಕಾಫಿ ಟೀ ಜೊತೆ ನುಂಗಬೇಡಿ, ನಿಂಬೆಹಣ್ಣಿನ ಪಾನಕದ ಜೊತೆ ತಗೊಳ್ಳಿ.

ಮಲೆನಾಡಿನ ಮನೆ:
ಬರೆಯಬೇಕೋ ಬೇಡವೋ ಅಂತ ಯೋಚಿಸುತ್ತಿದ್ದೆ. ಕಳೆದ ವರ್ಷ ನನಗೂ ಮೊದಲ ಸ್ಕ್ಯಾನ್ ಆಯಿತು. ದಿನದ ಲೆಕ್ಕದಲ್ಲಿ 9 ವಾರ, ಆದರೆ ಮಗು 6 ವಾರದಷ್ಟೇ ಇತ್ತು. ಬಡಿತ ಇರಲಿಲ್ಲ. ಮನೆಯಲ್ಲಿ ಒಬ್ಬೊಬ್ಬರೂ ಒಂದೊಂದು ಹೇಳಿದರು. ಬಾವಿಯಿಂದ ಕೊಡ ಎತ್ತಿದೆ, ಪರಂಗಿ ಹಣ್ಣು ತಿಂದೆ, ಸ್ಕೂಟರಿನಲ್ಲಿ ಪೇಟೆಗೆ ಹೋದೆ. ನಾನೂ ಅದನ್ನೇ ನಂಬಿಕೊಂಡು ಕೂತಿದ್ದೇನೆ. ನಿಜವಾಗಿ ಏನಾಗಿರುತ್ತದೆ ಅಕ್ಕ?

ಹೆರಿಗೆ ವಾರ್ಡಿನ ಅಕ್ಕ:
ನೀನು ಏನೂ ಮಾಡಿಲ್ಲ ತಾಯಿ. ಇದನ್ನು ಹತ್ತು ಸಲ ಬೇಕಾದರೂ ಬರೆಯುತ್ತೇನೆ. ನೀನು ಏನೂ ಮಾಡಿಲ್ಲ. ಮೊದಲ ಮೂರು ತಿಂಗಳಲ್ಲಿ ಹೋಗುವ ಬಸಿರುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಕಾರಣ ಕ್ರೋಮೋಸೋಮ್ ಎಣಿಕೆಯ ತಪ್ಪು. ಮೇಷ್ಟ್ರು ಇದನ್ನು ನನಗಿಂತ ಚೆನ್ನಾಗಿ ಹೇಳುತ್ತಾರೆ.

ಬಯಾಲಜಿ ಮೇಷ್ಟ್ರು:
ಅಮ್ಮ, ಅಪ್ಪನಿಂದ 23, ಅಮ್ಮನಿಂದ 23 ಕ್ರೋಮೋಸೋಮ್ ಬರಬೇಕು. ಅಂಡವೋ ವೀರ್ಯಾಣುವೋ ತಯಾರಾಗುವಾಗಲೇ ಒಂದು ಹೆಚ್ಚೋ ಕಡಿಮೆಯೋ ಆದರೆ, ಆ ಒಂದಾದ ಜೀವಕೋಶ ಒಡೆದು ಎರಡು, ನಾಲ್ಕು, ಎಂಟು ಆಗುತ್ತಾ ಹೋದಂತೆ ಅದೇ ತಪ್ಪು ಎಲ್ಲ ಕೋಶಕ್ಕೂ ಹೋಗುತ್ತದೆ. ಒಂದು ಹಂತದವರೆಗೆ ಬೆಳೆದು, ಮುಂದೆ ದಾರಿ ಇಲ್ಲದೆ ನಿಲ್ಲುತ್ತದೆ. ಅಂದರೆ ನೀವು ಕೊಡ ಎತ್ತುವ ಎಷ್ಟೋ ಮೊದಲೇ, ಬಸುರಿ ಅಂತ ನಿಮಗೆ ಗೊತ್ತಾಗುವ ಮೊದಲೇ, ಅದು ತೀರ್ಮಾನ ಆಗಿರುತ್ತದೆ. ಉಳಿದ ಕಾರಣಗಳೂ ಇವೆ, ಥೈರಾಯ್ಡ್, ಸಕ್ಕರೆ, ಗರ್ಭಕೋಶದ ಆಕಾರ. ಮತ್ತೆ ಮತ್ತೆ ಹೀಗಾದರೆ ಪರೀಕ್ಷೆ ಮಾಡಿಸಬೇಕು. ಕೊಡದ ಮೇಲೆ, ನಿಮ್ಮ ಮೇಲೆ ಹೊರಿಸುವುದು ಅನ್ಯಾಯ.

ಮಲೆನಾಡಿನ ಮನೆ:
ಒಂದು ವರ್ಷದಲ್ಲಿ ಯಾರೂ ಹೀಗೆ ಹೇಳಿರಲಿಲ್ಲ.

ಶಿವಮೊಗ್ಗದ ಓದುಗ:
ನನ್ನ ತಂಗಿಗೆ ಈಗ ಏಳು ತಿಂಗಳು. ಗ್ರಹಣದ ದಿನ ಮನೆಯವರು ಅವಳನ್ನು ಕತ್ತಲೆ ಕೋಣೆಯಲ್ಲಿ ಮಲಗಿಸಿದ್ದರು, ನೀರು ಕೂಡ ಕೊಡಲಿಲ್ಲ. ತುಟಿ ಸೀಳು ಬರುತ್ತದೆ ಅಂತ ಭಯ. ಇದಕ್ಕೆ ಏನಾದರೂ ಆಧಾರ ಇದೆಯಾ?

ಬಯಾಲಜಿ ಮೇಷ್ಟ್ರು:
ಇಲ್ಲ. ಮುಖ ಒಂದೇ ಸಲ ಮೂಡುವುದಿಲ್ಲ. ಎರಡು ಕಡೆಯಿಂದ, ಮೇಲಿನಿಂದ ಚಿಕ್ಕ ಚಿಕ್ಕ ದಿಬ್ಬಗಳು ಬಂದು ನಡುವೆ ಕೂಡಿಕೊಳ್ಳುತ್ತವೆ. ಮೂಗಿನ ಕೆಳಗೆ, ಮೇಲ್ದುಟಿಯ ನಡುವೆ ಒಂದು ತಗ್ಗು ಇದೆ, ಕನ್ನಡಿಯಲ್ಲಿ ನೋಡಿಕೊಳ್ಳಿ, ಕೂಡಿಕೊಂಡ ಜಾಗ ಅದರ ಆಚೆ ಈಚೆ. ತುಟಿ ಕೂಡುವ ಆ ಕೆಲಸ ಬಸಿರಿಗೆ ಮೂರು ತಿಂಗಳು ತುಂಬುವ ಮೊದಲೇ ಮುಗಿದಿರುತ್ತದೆ. ಏಳನೇ ತಿಂಗಳಲ್ಲಿ ಯಾವ ಗ್ರಹಣ ಬಂದರೂ ಕೂಡಿಕೊಂಡ ತುಟಿ ಬಿಟ್ಟುಕೊಳ್ಳುವುದಿಲ್ಲ. ಸೀಳಿಗೆ ಕಾರಣ ಹೆಚ್ಚಾಗಿ ವಂಶವಾಹಿ, ಜೊತೆಗೆ ತಾಯಿ ಬೀಡಿ ಸಿಗರೇಟು ಸೇದುವುದು, ಹತೋಟಿಯಲ್ಲಿಲ್ಲದ ಸಕ್ಕರೆ, ಕೆಲವು ಫಿಟ್ಸ್ ಮಾತ್ರೆಗಳು. ಸೂರ್ಯನನ್ನು ಬರಿಗಣ್ಣಿನಲ್ಲಿ ನೋಡಬೇಡಿ, ಅದು ಎಲ್ಲರಿಗೂ ಅನ್ವಯ. ಆದರೆ ಬಸುರಿಗೆ ನೀರು ಕೊಡದೆ ಕೂರಿಸುವುದು ತಪ್ಪು.

ದಾರಿಹೋಕ:
ಹುಡುಗನೋ ಹುಡುಗಿಯೋ ಎಷ್ಟನೇ ವಾರಕ್ಕೆ ಕಾಣುತ್ತದೆ? ಎದೆಬಡಿತ 140ಕ್ಕಿಂತ ಜಾಸ್ತಿ ಇದ್ದರೆ ಹೆಣ್ಣು ಅನ್ನುತ್ತಾರಲ್ಲ?

ಹೆರಿಗೆ ವಾರ್ಡಿನ ಅಕ್ಕ:
ಎದೆಬಡಿತದಿಂದ ಏನೂ ಗೊತ್ತಾಗುವುದಿಲ್ಲ. ಎಂಟೊಂಬತ್ತು ವಾರದಲ್ಲಿ ಎಲ್ಲ ಮಕ್ಕಳಿಗೂ ಬಡಿತ ಜೋರಾಗಿರುತ್ತದೆ, ಆಮೇಲೆ 110ರಿಂದ 160ರ ನಡುವೆ ಬಂದು ನಿಲ್ಲುತ್ತದೆ. ಇನ್ನೊಂದು ಪ್ರಶ್ನೆಗೆ ನಾನು ಉತ್ತರ ಕೊಡುವುದಿಲ್ಲ. 1994ರ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆ ಪ್ರಕಾರ ಹೇಳುವುದೂ ಅಪರಾಧ, ಕೇಳುವುದೂ ಅಪರಾಧ. ಹೆಣ್ಣು ಮಗು ಅಂತ ಕೇಳಿ ಮುಖ ತಿರುಗಿಸಿದವರನ್ನು ಹೆರಿಗೆ ಕೋಣೆಯ ಬಾಗಿಲಲ್ಲಿ ನೋಡಿ ನೋಡಿ ನನಗೆ ಸಾಕಾಗಿದೆ.

ಹಾಸನದ ಸೊಸೆ, ನಿನಗೆ ಮುಂದಿನ ಸ್ಕ್ಯಾನ್ 11 ವಾರ ಮತ್ತು 13 ವಾರ 6 ದಿನದ ನಡುವೆ ಆಗಬೇಕು. ಮಗುವಿನ ಕತ್ತಿನ ಹಿಂದಿನ ನೀರಿನ ಪದರ ಅಳೆಯುತ್ತಾರೆ. ಆ ದಿನ ದಾಟಿದರೆ ಆ ಅಳತೆಗೆ ಅರ್ಥ ಇಲ್ಲ. ಅದಾದ ಮೇಲೆ 18ರಿಂದ 20 ವಾರದೊಳಗೆ ದೊಡ್ಡ ಸ್ಕ್ಯಾನ್, ತಲೆಯಿಂದ ಪಾದದವರೆಗೆ. ಅದನ್ನು 'ಸೀಮಂತ ಆದ ಮೇಲೆ ಮಾಡಿಸೋಣ' ಅಂತ ಮುಂದೆ ಹಾಕಬೇಡಿ. ಏನಾದರೂ ದೊಡ್ಡ ತೊಂದರೆ ಕಂಡರೆ ಯೋಚಿಸಲು, ಇನ್ನೊಬ್ಬ ಡಾಕ್ಟರನ್ನು ಕೇಳಲು ಸಮಯ ಬೇಕು. 24 ವಾರ ದಾಟಿದರೆ ಬಸಿರು ತೆಗೆಸಲು ಕಾನೂನಿನ ಪ್ರಕಾರ ಮೆಡಿಕಲ್ ಬೋರ್ಡ್ ಮುಂದೆ ಹೋಗಬೇಕಾಗುತ್ತದೆ. ಖಾಸಗಿಯಲ್ಲಿ ತಪಾಸಣೆಗೆ ಕಷ್ಟ ಇದ್ದವರು ಪ್ರತಿ ತಿಂಗಳ 9ನೇ ತಾರೀಖು ಸರಕಾರಿ ಆಸ್ಪತ್ರೆಗೆ ಹೋಗಿ, ಅವತ್ತು ಬಸುರಿಯರಿಗೆಂದೇ ಉಚಿತ ತಪಾಸಣೆ ಇರುತ್ತದೆ.

ಶಾರ್ಜಾದಿಂದ:
ನಾನು ಇಲ್ಲಿ, ಹೆಂಡತಿ ಮಂಗಳೂರಿನಲ್ಲಿ. ಈಗ 26 ವಾರ. ದಿನಾ ರಾತ್ರಿ ಫೋನ್ ಸ್ಪೀಕರಿಗೆ ಹಾಕಿ ಹೊಟ್ಟೆಯ ಹತ್ತಿರ ಹಿಡಿ ಅನ್ನುತ್ತೇನೆ, ಮಗುವಿನ ಜೊತೆ ಮಾತಾಡುತ್ತೇನೆ. ಅವಳು ನಗುತ್ತಾಳೆ. ನಿಜವಾಗಿ ಕೇಳಿಸುತ್ತದಾ?

ಬಯಾಲಜಿ ಮೇಷ್ಟ್ರು:
ಈ ಹೊತ್ತಿಗೆ ಕೇಳಿಸಲು ಶುರುವಾಗಿರುತ್ತದೆ. ಜೋರು ಸದ್ದಿಗೆ ಮಗು ಬೆಚ್ಚುವುದು ಸ್ಕ್ಯಾನಿಂಗ್‌ನಲ್ಲೇ ಕಾಣುತ್ತದೆ. ಆದರೆ ನೀರಿನೊಳಗೆ ಮುಳುಗಿ ಕೇಳಿದ ಹಾಗೆ, ದಪ್ಪ ದನಿ ಚೆನ್ನಾಗಿ ಒಳಗೆ ಹೋಗುತ್ತದೆ, ಸಣ್ಣ ಕೀರಲು ದನಿ ಕಡಿಮೆ. ಎಲ್ಲಕ್ಕಿಂತ ಜೋರಾಗಿ ಕೇಳುವುದು ತಾಯಿಯ ಮಾತು, ಅವಳ ರಕ್ತ ಹರಿಯುವ ಸದ್ದು. ಹುಟ್ಟಿದ ಮಗು ಬೇರೆ ಹೆಂಗಸರ ದನಿಗಿಂತ ತನ್ನ ತಾಯಿಯ ದನಿಗೆ ಹೆಚ್ಚು ಗಮನ ಕೊಡುತ್ತದೆ ಅನ್ನುವುದು ಪರೀಕ್ಷೆಗಳಲ್ಲಿ ಗೊತ್ತಾಗಿದೆ. ನೀವು ಮಾತಾಡುವುದನ್ನು ಬಿಡಬೇಡಿ. ಹೆಂಡತಿ ನಗುತ್ತಾರಲ್ಲ, ಆ ನಗು ಅಂತೂ ಮಗುವಿಗೆ ಕೇಳಿಸುತ್ತದೆ. ಅಂದಹಾಗೆ ಅಲ್ಲಿಯವರೆಗೆ ಅಂಟಿಕೊಂಡಿದ್ದ ಕಣ್ಣಿನ ರೆಪ್ಪೆಗಳು ಬಿಚ್ಚಿಕೊಳ್ಳುವುದೂ ಇದೇ ವಾರಗಳಲ್ಲಿ.

ಎಂಟನೇ ತಿಂಗಳ ಮಗಳ ಅಪ್ಪ:
ತಿಂಗಳ ಲೆಕ್ಕದ ಮಾತು ಬಂತಲ್ಲ, ನಾನೂ ಹೇಳಿಬಿಡುತ್ತೇನೆ. ನನ್ನ ಮಗಳು 33 ವಾರಕ್ಕೆ ಹುಟ್ಟಿದಳು. 1 ಕೆಜಿ 700 ಗ್ರಾಂ. ಹೆಂಡತಿಗೆ ಬಿಪಿ ಏರಿತ್ತು. ಆಸ್ಪತ್ರೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ ನಮ್ಮ ದೊಡ್ಡಮ್ಮ ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ. 'ಏಳರಲ್ಲಿ ಹುಟ್ಟಿದ್ದರೆ ಉಳಿಯುತ್ತಿತ್ತು, ಎಂಟರಲ್ಲಿ ಹುಟ್ಟಿದ್ದು ಉಳಿಯುವುದಿಲ್ಲ.' ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ನನಗೆ ಕಾಲ ಕೆಳಗಿನ ನೆಲ ಕುಸಿದ ಹಾಗಾಯಿತು. ಹದಿನೆಂಟು ದಿನ ಒಳಗಿದ್ದಳು. ಆಮೇಲೆ ಅಂಗಿ ಬಿಚ್ಚಿ ಅವಳನ್ನು ನನ್ನ ಎದೆಗೆ ಕಟ್ಟಿದರು, ಚರ್ಮಕ್ಕೆ ಚರ್ಮ ತಾಗುವ ಹಾಗೆ. ಗಂಟೆಗಟ್ಟಲೆ ಅಲ್ಲಾಡದೆ ಕೂರುತ್ತಿದ್ದೆ. ಈಗ ಮೂರನೇ ಕ್ಲಾಸು, ಓಟದಲ್ಲಿ ಮುಂದು.

ಹೆರಿಗೆ ವಾರ್ಡಿನ ಅಕ್ಕ:
ಅಣ್ಣಾ, ನಿಮ್ಮ ಮಗಳಿಗೆ ನನ್ನ ಮುತ್ತು ಕೊಡಿ. ಆ ಮಾತು ನಮ್ಮ ವಾರ್ಡಿನಲ್ಲೂ ವಾರಕ್ಕೊಂದು ಸಲ ಕೇಳುತ್ತೇನೆ. ಪೂರ್ತಿ ತಪ್ಪು. ಎಂಟರ ಮಗು ಏಳರ ಮಗುವಿಗಿಂತ ಗಟ್ಟಿ, ಒಂಬತ್ತರದ್ದು ಇನ್ನೂ ಗಟ್ಟಿ. ಶ್ವಾಸಕೋಶದ ಗುಳ್ಳೆಗಳು ಉಸಿರು ಬಿಟ್ಟಾಗ ಒಂದಕ್ಕೊಂದು ಅಂಟಿಕೊಳ್ಳದ ಹಾಗೆ ಒಳಗೆ ಸೋಪಿನ ನೀರಿನಂಥ ಒಂದು ಪದರ ಬೇಕು. ಅದು 24 ವಾರದ ಆಸುಪಾಸು ತಯಾರಾಗಲು ಶುರು, ಸಾಕಷ್ಟು ಆಗುವುದು 34, 35ರ ಹೊತ್ತಿಗೆ. ಬೇಗ ಹೆರಿಗೆ ಆಗಬಹುದು ಅನ್ನಿಸಿದರೆ ತಾಯಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುವುದು ಇದಕ್ಕೇ, ಮಗುವಿನ ಶ್ವಾಸಕೋಶ ಬೇಗ ಹದಕ್ಕೆ ಬರಲಿ ಅಂತ. ಅದಕ್ಕೆ ಒಂದೆರಡು ದಿನ ಸಮಯ ಬೇಕು. ಆದ್ದರಿಂದ ಅವಧಿಗೆ ಮೊದಲು ಹೊಟ್ಟೆ ಬಿಟ್ಟು ಬಿಟ್ಟು ಗಟ್ಟಿಯಾಗುತ್ತಿದ್ದರೆ, ನೀರು ಹೋದರೆ, 'ನಾಳೆ ನೋಡೋಣ' ಅನ್ನಬೇಡಿ.

ಮೈಸೂರಿನ ನಾದಿನಿ:
ಇದರ ಉಲ್ಟಾ ನಮ್ಮ ಮನೆಯಲ್ಲಿ. ಅತ್ತಿಗೆಗೆ ಏನೂ ತೊಂದರೆ ಇಲ್ಲ, ಮೊದಲ ಹೆರಿಗೆ ಸಿಸೇರಿಯನ್ ಆಗಿದ್ದಕ್ಕೆ ಇದೂ ಸಿಸೇರಿಯನ್. ಡಾಕ್ಟರ್ 39 ವಾರಕ್ಕೆ ಅಂದರು. ನಮ್ಮ ತಂದೆ ಪಂಚಾಂಗ ತೋರಿಸಿ 36 ವಾರ 5 ದಿನಕ್ಕೆ ಒಳ್ಳೆಯ ನಕ್ಷತ್ರ ಇದೆ, ಅವತ್ತೇ ಆಗಬೇಕು ಅನ್ನುತ್ತಿದ್ದಾರೆ. ಒಂಬತ್ತನೇ ತಿಂಗಳು ಬಿತ್ತಲ್ಲ, ಮಗು ಬೆಳೆದಿದೆಯಲ್ಲ ಅನ್ನುತ್ತಾರೆ. ಏನು ಹೇಳಲಿ?

ಬಯಾಲಜಿ ಮೇಷ್ಟ್ರು:
ನಿಮ್ಮ ತಂದೆಯವರಿಗೆ ಮೆದುಳಿನ ಮಾತು ಹೇಳಿ. 24 ವಾರದವರೆಗೆ ಮಗುವಿನ ಮೆದುಳು ಹೆಚ್ಚುಕಡಿಮೆ ನುಣ್ಣಗೆ ಇರುತ್ತದೆ, ಮಡಿಕೆಗಳು ತುಂಬಿಕೊಳ್ಳುವುದು ಆಮೇಲೆ. 35 ವಾರಕ್ಕೆ ಅದರ ತೂಕ ದಿನ ತುಂಬಿದಾಗ ಇರುವುದರ ಮೂರರಲ್ಲಿ ಎರಡು ಭಾಗ ಮಾತ್ರ. ಉಳಿದ ಒಂದು ಭಾಗ ಆ ಕಡೆಯ ಐದು ವಾರದಲ್ಲಿ ಬೆಳೆಯಬೇಕು. ಹೊರಗಿನಿಂದ ನೋಡಿದರೆ ಮಗು ಪೂರ್ತಿ ಆಗಿದೆ, ಕೈ ಕಾಲು ಉಗುರು ಎಲ್ಲ ಇದೆ. ಒಳಗಿನ ಕೆಲಸ ಮುಗಿದಿಲ್ಲ.

ಹೆರಿಗೆ ವಾರ್ಡಿನ ಅಕ್ಕ:
ಮೂವತ್ತಾರೂವರೆ ವಾರಕ್ಕೆ ತೆಗೆದ ಮಕ್ಕಳಿಗೆ ಉಸಿರಾಟದ ತೊಂದರೆ, ಮೈ ಬೆಚ್ಚಗೆ ಇಟ್ಟುಕೊಳ್ಳಲು ಆಗದಿರುವುದು, ಕಾಮಾಲೆ, ಎದೆ ಹಾಲು ಎಳೆಯಲು ಶಕ್ತಿ ಇಲ್ಲದಿರುವುದು ಜಾಸ್ತಿ. ಮೈಗೆ ಕೊಬ್ಬು ತುಂಬುವುದು, ತಾಯಿಯಿಂದ ರೋಗ ತಡೆಯುವ ಶಕ್ತಿ ಹೆಚ್ಚಾಗಿ ಹರಿದು ಬರುವುದು ಕಡೆಯ ವಾರಗಳಲ್ಲೇ. ತಾಯಿಗೆ ಬಿಪಿ, ನೀರು ಕಡಿಮೆ, ಮಗು ಬೆಳೆಯುತ್ತಿಲ್ಲ ಅಂತ ಡಾಕ್ಟರೇ ಬೇಗ ತೆಗೆಯೋಣ ಎಂದರೆ ಅದು ಬೇರೆ ಮಾತು, ಆಗ ಒಪ್ಪಿಕೊಳ್ಳಲೇಬೇಕು. ಪಂಚಾಂಗ ಬೇಡ ಅಂತ ನಾನು ಹೇಳುವುದಿಲ್ಲ. 39 ತುಂಬಿದ ಮೇಲಿನ ದಿನಗಳಲ್ಲಿ ಡಾಕ್ಟರ್ ಒಪ್ಪುವ ಒಂದು ದಿನ ನೋಡಿ ಅಂತ ತಂದೆಯವರಿಗೆ ಹೇಳು. ಅಲ್ಲೂ ನಕ್ಷತ್ರಗಳು ಇರುತ್ತವೆ.

ಮೈಸೂರಿನ ನಾದಿನಿ:
ಅಪ್ಪನಿಗೆ ಮೇಷ್ಟ್ರ ಬರಹ ಓದಿಸಿದೆ. 'ಮೂರರಲ್ಲಿ ಎರಡು ಭಾಗವೇ?' ಅಂತ ಎರಡು ಸಲ ಕೇಳಿದರು. ಈಗ ಪಂಚಾಂಗದಲ್ಲಿ ಮುಂದಿನ ಹಾಳೆ ತಿರುವುತ್ತಿದ್ದಾರೆ.

ಹಾಸನದ ಸೊಸೆ:
ಬಹಳ ದಿನ ಆಯಿತು ಇಲ್ಲಿ ಬಂದು. ಈಗ 19 ವಾರ 4 ದಿನ. ದೊಡ್ಡ ಸ್ಕ್ಯಾನ್ ಆಯಿತು, ಎಲ್ಲ ಸರಿ ಇದೆ. ಹೋದ ಸಲ ಹೇಳದೆ ಬಿಟ್ಟ ಒಂದು ವಿಷಯ ಇದೆ. ಅವತ್ತು ಸಂಜೆ ನಿಮ್ಮೆಲ್ಲರ ಮಾತು ಅತ್ತೆಗೆ ಓದಿ ಹೇಳಿದೆ. ಅವರಿಗೆ ವಾರದ ಲೆಕ್ಕದ ಮೇಲೆ ಯೋಚನೆಯೇ ಇರಲಿಲ್ಲ. ಅವರಿಗೂ ಮೊದಲ ಬಸಿರು ಮೂರನೇ ತಿಂಗಳಲ್ಲಿ ಹೋಗಿತ್ತಂತೆ, ಸ್ಕ್ಯಾನ್ ಮಾಡಿದಾಗ ಬಡಿತ ಇರಲಿಲ್ಲವಂತೆ. ನನ್ನ ರಿಪೋರ್ಟಿನಲ್ಲಿ ಎದೆಬಡಿತದ ಸಾಲು ಹುಡುಕುತ್ತಿದ್ದರು. ಇಂಗ್ಲಿಷ್ ಸರಿಯಾಗಿ ಗೊತ್ತಾಗದೆ ಎರಡು ಸಲ ಓದಿದ್ದರು ಅಷ್ಟೇ. ನನ್ನ ಹತ್ತಿರ ಕೇಳಲು ಅವರಿಗೂ ಭಯ.

ಆಮೇಲೆ ಅಡುಗೆಮನೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಲ್ಲಿ ಪ್ರತಿ ಭಾನುವಾರದ ಚೌಕದಲ್ಲಿ ಪೆನ್ಸಿಲಿನಿಂದ ವಾರದ ಸಂಖ್ಯೆ ಬರೆಯಲು ಶುರು ಮಾಡಿದರು. ಮಲೆನಾಡಿನ ಅಕ್ಕನ ಬಗ್ಗೆ ಈಗಲೂ ಕೇಳುತ್ತಾರೆ, 'ಆ ಹುಡುಗಿ ಹೇಗಿದ್ದಾಳಂತೆ' ಅಂತ.

ಈಗ ನನ್ನ ಪ್ರಶ್ನೆ. ನಿನ್ನೆ ರಾತ್ರಿ ಎಡಗಡೆ ಮಗ್ಗುಲಾಗಿ ಮಲಗಿದ್ದಾಗ ಹೊಕ್ಕುಳ ಕೆಳಗೆ ಮೀನು ಬಾಲ ಆಡಿಸಿದ ಹಾಗೆ ಏನೋ ಆಯಿತು. ಎರಡು ಸಲ. ಅದು ಮಗುವೇ ಇರಬಹುದಾ, ಗ್ಯಾಸಾ?

ಹೆರಿಗೆ ವಾರ್ಡಿನ ಅಕ್ಕ:
ಮೊದಲ ಬಸಿರಿನಲ್ಲಿ 18ರಿಂದ 20 ವಾರದಲ್ಲಿ ಹಾಗೇ ಗೊತ್ತಾಗುವುದು. ಈಗ ಅದು ಸುಮಾರು 300 ಗ್ರಾಂ ಇದೆ, ನೀರಿನಲ್ಲಿ ಆರಾಮಾಗಿ ಪಲ್ಟಿ ಹೊಡೆಯುವಷ್ಟು ಜಾಗ ಇದೆ. ಮಾಸು ಗರ್ಭಕೋಶದ ಮುಂದುಗಡೆ ಕೂತಿದ್ದರೆ ನಡುವೆ ದಿಂಬು ಇಟ್ಟ ಹಾಗೆ ಆಗಿ ಇನ್ನೂ ತಡವಾಗಿ ತಿಳಿಯುತ್ತದೆ. ಈಗ ದಿನಾ ಗೊತ್ತಾಗದಿದ್ದರೆ ಗಾಬರಿ ಬೇಡ. 28 ವಾರ ದಾಟಿದ ಮೇಲೆ ಮಾತ್ರ ಮಗುವಿನ ಓಡಾಟದ ರೀತಿ ನಿನಗೇ ಗೊತ್ತಾಗಿರುತ್ತದೆ. ಅದು ಯಾವತ್ತಾದರೂ ಕಡಿಮೆ ಅನ್ನಿಸಿದರೆ ತಣ್ಣೀರು ಕುಡಿದು ನೋಡೋಣ, ಬೆಳಿಗ್ಗೆ ನೋಡೋಣ ಅಂತ ಕಾಯದೆ ಆ ರಾತ್ರಿಯೇ ಆಸ್ಪತ್ರೆಗೆ ಬಾ. ಸುಮ್ನೆ ಬಂದೆ ಅಂತ ಯಾರೂ ಬೈಯುವುದಿಲ್ಲ. ಬೈದರೆ ನನ್ನ ಹತ್ತಿರ ಕಳಿಸು.

ಮಲೆನಾಡಿನ ಮನೆ:
ಹಾಸನದ ತಂಗಿ, ನಿಮ್ಮ ಅತ್ತೆಗೆ ಹೇಳು. ಚೆನ್ನಾಗಿದ್ದೇನೆ. ಫೋಲಿಕ್ ಆಸಿಡ್ ಶುರು ಮಾಡಿ ಎರಡು ತಿಂಗಳಾಯಿತು.